ಅಳಿಸಿದೆನೆಂದು ಹೇಳಿದ್ದು

ಹಳೇಬೀಡು ತಲುಪುವವರೆಗೂ ಏನು ಹೇಳಬೇಕೆಂಬುದು ಮಾಲಿನಿಗೆ ಸ್ಪಷ್ಟವಾಗಿತ್ತು. ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತುವಾಗಲೇ ಮೂರು ವಾಕ್ಯ ಜೋಡಿಸಿಟ್ಟುಕೊಂಡಿದ್ದಳು, ಕಾಲೇಜಿನಲ್ಲಿ ಇತಿಹಾಸದ ತರಗತಿಗೆ ಹೋಗುವ ಮುಂಚೆ ಜೋಡಿಸಿಕೊಳ್ಳುವಂತೆ: ನಿಮ್ಮಜ್ಜಿಯ ದನಿ ನನ್ನ ಹತ್ತಿರ ಇತ್ತು, ಈಗ ಇಲ್ಲ, ತಪ್ಪು ನನ್ನದು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಮೂರನೆಯದನ್ನು ಮೊದಲಿಗೆ ತಂದಳು. ಹಳೇಬೀಡಿನಲ್ಲಿ ಬಿಸಿಲು ಒಮ್ಮೆಲೇ ಕಿಟಕಿಯೊಳಗೆ ಬಿದ್ದಾಗ ಮೂರೂ ವಾಕ್ಯಗಳು ಯಾರೋ ಬರೆದುಕೊಟ್ಟ ಅರ್ಜಿಯಂತೆ ಕೇಳಿಸತೊಡಗಿದವು. ತೊಡೆಯ ಮೇಲಿನ ಚೀಲದಲ್ಲಿ ಬಾಳೆಹಣ್ಣು, ಕೂಸಿಗೊಂದು ಫ್ರಾಕು, ಅಷ್ಟೇ ಇದ್ದದ್ದು. ಫೋನಿನಲ್ಲಿ ಸಿರಿ, ಪೆನ್‌ಡ್ರೈವಿಗೆ ಹಾಕಿಕೊಟ್ಟರೂ ಸಾಕು ಎಂದಿದ್ದಳು. ಸಿರಿ ಬಿಕ್ಕೋಡಿನ ದ್ಯಾವಮ್ಮನ ಮೊಮ್ಮಗಳು. ಹಾಸನದಲ್ಲಿ ನರ್ಸು, ಬಾಣಂತನಕ್ಕೆಂದು ಬಂದವಳು ಇನ್ನೂ ತಾಯಿಯ ಮನೆಯಲ್ಲಿದ್ದಾಳೆ. ಅಜ್ಜಿ ಹೋಗಿ ತಿಂಗಳಾಯಿತು ಎನ್ನುವುದನ್ನೂ, ಅಜ್ಜಿ ಒಮ್ಮೆ ನಿಮ್ಮ ಮುಂದೆ ಕೂತು ಮಾತಾಡಿದ್ದನ್ನು ಕೇಳಬೇಕು ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು. ಇಲ್ಲ ಎನ್ನಲಾರದೆ ಮಾಲಿನಿ, ನಾನೇ ಬರ್ತೀನಿ ಎಂದುಬಿಟ್ಟಿದ್ದಳು. ಬರುತ್ತೇನೆ ಎಂದದ್ದು ಆ ಕಡೆ ತರುತ್ತೇನೆ ಎಂದು ಕೇಳಿಸಿರುತ್ತದೆಂಬುದು ಫೋನಿಟ್ಟ ಮೇಲೆ ಹೊಳೆಯಿತು. ಆಗಲಾದರೂ ತಿರುಗಿ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮಾಡಬಹುದಿತ್ತು, ಮಾಡಲಿಲ್ಲ; ಈ ಎರಡು ಪದ ಕಳೆದ ಒಂದು ವರ್ಷದಿಂದ ಅವಳ ಬೆನ್ನು ಹತ್ತಿದ್ದವು.

ಹನ್ನೊಂದು ವರ್ಷ ರಜಾದಿನಗಳಲ್ಲೆಲ್ಲ ಅವಳು ಇದೇ ಬಸ್ಸುಗಳಲ್ಲಿ ತಿರುಗಿದ್ದಳು. ತನ್ನ ತವರಾದ ಮಾದಿಹಳ್ಳಿಯಲ್ಲಿ ಶುರುವಾಗಿ ಹಗರೆ, ಬಿಕ್ಕೋಡು ಎಂದು ಬೆಳೆಯಿತು. ತಮ್ಮ ಜನದ ಮುದುಕ ಮುದುಕಿಯರ ಮುಂದೆ ಚಾಪೆಯ ಮೇಲೆ ಕೂತು, ರೆಕಾರ್ಡರಿನ ಗುಂಡಿ ಒತ್ತಿ, ನೀರು ಎಲ್ಲಿಂದ ತರುತ್ತಿದ್ದಿರಿ, ಶಾಲೆಯಲ್ಲಿ ಎಲ್ಲಿ ಕೂರಿಸುತ್ತಿದ್ದರು, ಮನೆಗೆ ಬುದ್ಧನ ಪಟ ಬಂದ ದಿನ ಏನಡಿಗೆ ಮಾಡಿದಿರಿ ಎಂದು ಕೇಳುವುದು. ಇನ್ನೂರ ಹದಿನಾಲ್ಕು ಜನ ಮಾತಾಡಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಈಗಿಲ್ಲ. ಗಂಡ ರವಿಕುಮಾರ್ ಅರಸೀಕೆರೆಯಲ್ಲೇ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದಾನೆ. ಒಂದರ ಜೊತೆಗೆ ಇನ್ನೊಂದಿರಬೇಕು ಎಂಬುದು ಅವನ ಕಸುಬೇ ಕಲಿಸಿದ ಬುದ್ಧಿ. ಅವನೇ ಚನ್ನೇಶನ ಕಂಪ್ಯೂಟರ್ ಅಂಗಡಿಯಿಂದ ಆ ಕಪ್ಪು ಪೆಟ್ಟಿಗೆ ತಂದು ಪುಸ್ತಕದ ಕಪಾಟಿನ ಮೇಲಿಟ್ಟಿದ್ದ. ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ, ಒಂದು ಕೆಟ್ಟರೆ ಅದನ್ನು ತೆಗೆದು ಹೊಸದು ಹಾಕಿದರೆ ಉಳಿದದ್ದು ಅದಕ್ಕೆ ಎಲ್ಲವನ್ನೂ ಕೊಟ್ಟುಬಿಡುತ್ತದೆ ಎಂದು ವಿವರಿಸಿದ್ದ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ನೆಮ್ಮದಿಯಲ್ಲಿ ಅವಳು ಎಷ್ಟೋ ವರ್ಷ ಆ ಪೆಟ್ಟಿಗೆಯ ಕಡೆ ನೋಡಿರಲೇ ಇಲ್ಲ. ಧೂಳು ಕೂಡ ಅವನೇ ಒರೆಸುತ್ತಿದ್ದ.

ದ್ಯಾವಮ್ಮ ಮಾತಾಡಿದ್ದು ಒಂದು ಮಧ್ಯಾಹ್ನ, ಮಗಳು ಮಹದೇವಮ್ಮ ತೋಟದ ಕೆಲಸಕ್ಕೆ ಹೋಗಿದ್ದ ಹೊತ್ತು. ಎಸ್ಟೇಟಿನ ಆಳುಗಳ ಲೈನುಮನೆ, ಕಾಫಿ ಕುಯ್ಲು, ಹಾಜರಿ ಬರೆಯುವ ರೈಟರನ ಬೈಗುಳ ಎಂದು ಎಲ್ಲರೂ ಹೇಳುವುದನ್ನೇ ಹೇಳುತ್ತ ಹೇಳುತ್ತ ಮುದುಕಿ ಸುಮ್ಮನಾದಳು. ಸುಮ್ಮನಾದವರನ್ನು ಮಾತಾಡಿಸಬಾರದು ಎಂಬುದನ್ನು ಮಾಲಿನಿ ಅಷ್ಟರಲ್ಲಿ ಕಲಿತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ದ್ಯಾವಮ್ಮ, ಮಹದೇವಿ ಆದ ಮೇಲೆ ತನಗೊಂದು ಗಂಡು ಕೂಸಿತ್ತು ಎಂದಳು. ಎಂಟು ತಿಂಗಳದು. ಹಲ್ಲು ಬರುವ ಹೊತ್ತು, ರಾತ್ರಿಯೆಲ್ಲ ಅಳುತ್ತಿತ್ತು. ಮನೆಯಲ್ಲುಳಿದರೆ ಹೆಸರು ಹೊಡೆದುಹಾಕುತ್ತೇನೆ ಎಂದು ರೈಟರ್ ಹೇಳಿದ್ದ. ಲೈನಿನ ಹೆಂಗಸರು ಕೂಸು ಮಲಗಲೆಂದು ತುಟಿಗೆ ಒಂದು ಹನಿ ಸಾರಾಯಿ ಸವರುವುದು ಇತ್ತು. ಅವಳು ಅವತ್ತು ಹನಿಯಲ್ಲ, ಒಂದು ಚಮಚ ಕೊಟ್ಟಳು. ತಲೆಗೆ ಕೆಂಪು ಉಲ್ಲನ್ ಟೋಪಿ ಹಾಕಿ ಮಲಗಿಸಿ ಹೋದಳು. ಮಧ್ಯಾಹ್ನ ಹಾಲೂಡಿಸಲು ಬಂದು ನೋಡಿದರೆ ಮಲಗೇ ಇತ್ತು. ಎಬ್ಬಿಸದೆ ವಾಪಸ್ಸು ಹೋದಳು. ಸಂಜೆ ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಜ್ವರ ಬಂದು ಹೋಯಿತು ಎಂದು ಗಂಡನಿಗೂ ಹೇಳಿದಳು, ಲೈನಿಗೂ ಹೇಳಿದಳು, ಆಗ ನಾಲ್ಕು ವರ್ಷದವಳಾಗಿದ್ದ ಮಹದೇವಿಗೆ ಜೀವಮಾನವೆಲ್ಲ ಹಾಗೆಯೇ ಹೇಳಿಕೊಂಡು ಬಂದಳು. ಇಷ್ಟನ್ನು ಹೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಟೀ ಕುಡೀತೀಯಾ ಮಗಾ ಎಂದು ಕೇಳಿದ್ದಳು.

ಹತ್ತು ದಿನಕ್ಕೆ ದ್ಯಾವಮ್ಮ ಅರಸೀಕೆರೆಗೆ ಬಂದಳು, ಒಬ್ಬಳೇ, ಮೂರು ಬಸ್ಸು ಬದಲಿಸಿ, ಕಾಲೇಜಿನ ವಿಳಾಸ ಕೇಳಿಕೊಂಡು. ಸ್ಟಾಫ್ ರೂಮಿನ ಬಾಗಿಲಲ್ಲಿ ಬರಿಗಾಲಲ್ಲಿ ನಿಂತವಳನ್ನು ಕಂಡು ಸಹೋದ್ಯೋಗಿಯೊಬ್ಬರು, ಯಾರು ಬೇಕಮ್ಮ, ಕಸ ಗುಡಿಸುವ ಕೆಲಸಕ್ಕಾ ಎಂದು ಕೇಳಿದ್ದರು. ಮಾಲಿನಿ ಓಡಿಬಂದು ಅವಳನ್ನು ಕೈಹಿಡಿದು ಕರೆದುಕೊಂಡು ಹೋದದ್ದು ಹೊರಗಿನ ಬೇವಿನ ಮರದ ಕೆಳಗೆ. ಒಳಗೆ ಕುರ್ಚಿಯ ಮೇಲೆ ಕೂರಿಸಲಿಲ್ಲ. ಗುಟ್ಟಿನ ಮಾತಿರಬಹುದು, ಅದಕ್ಕೇ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಆ ಬೇವಿನ ಮರ ಈಗ ನೆನಪಾದರೆ ಬಸ್ಸಿನ ಸೀಟಿನಲ್ಲೇ ಮೈ ಹಿಡಿಯಾಗುತ್ತದೆ.

"ಅದನ್ನ ಅಳ್ಸಾಕ್ಬುಡು ಮಗಾ," ಎಂದಳು ದ್ಯಾವಮ್ಮ. "ಮಹದೇವಿ ಕಿವಿಗೆ ಬಿದ್ರೆ ನನ್ ಕೈಯಾಗ್ಳ ಅನ್ನ ಉಣ್ಣಲ್ಲ. ಬ್ಯಾರೆಯೋರ್ದು ಬೇಕಾರೆ ಇಟ್ಕೊ. ಅದೊಂದು ನನ್ ಜೊತೆಗೇ ಹೋಗ್ಲಿ."

ಮಾಲಿನಿ ಆಗಲಿ ಎಂದಳು. ಸಂಜೆ ಪೆಟ್ಟಿಗೆಯ ಮುಂದೆ ಕೂತು ಆ ಕಡತದ ಮೇಲೆ ಬೆರಳಿಟ್ಟಳು. ನಾಲ್ಕು ದಶಕ ಯಾರಿಗೂ ಹೇಳದ ಮಾತು. ಎಸ್ಟೇಟಿನ ಮೇಲೆ ಬರೆದ ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಅಳಿಸಲು ತಾನು ಯಾರು ಎಂದುಕೊಂಡಳು. ಇಟ್ಟುಕೊಳ್ಳಲು ತಾನು ಯಾರು ಎಂದು ಅವತ್ತು ಕೇಳಿಕೊಳ್ಳಲಿಲ್ಲ. ಮಾರನೆಯ ದಿನ ಬಿಕ್ಕೋಡಿನ ಅಂಗಡಿಯೊಂದಕ್ಕೆ ಫೋನು ಮಾಡಿ ದ್ಯಾವಮ್ಮನನ್ನು ಕರೆಸಿ, ಅಳಿಸಿದೆ ಕಣಜ್ಜಿ ಎಂದಳು. ಎರಡು ವರ್ಷದ ನಂತರ ಒಂದು ವಿಚಾರ ಸಂಕಿರಣದಲ್ಲಿ, ಹೆಸರು ಹೇಳದೆ, 'ಬಿಕ್ಕೋಡಿನ ಸಮೀಪದ ಎಸ್ಟೇಟಿನ ಒಬ್ಬ ವೃದ್ಧೆ' ಎಂದು ಅದನ್ನು ಓದಿದಳು. ಊಟದ ಹೊತ್ತಿನಲ್ಲಿ ಗೊತ್ತಿಲ್ಲದವರೆಲ್ಲ ಬಂದು ಕೈಮುಗಿದರು. ಅನ್ನದ ತಟ್ಟೆ ಹಿಡಿದು ನಿಂತು ಅವಳು ನಕ್ಕಿದ್ದಳು.

ಪೆಟ್ಟಿಗೆಯ ಎರಡನೆಯ ಡಿಸ್ಕಿನ ದೀಪ ಹಸಿರಿನಿಂದ ಹಳದಿಗೆ ತಿರುಗಿದ್ದು ಹೋದ ವರ್ಷ ಪರೀಕ್ಷೆಯ ಸಮಯದಲ್ಲಿ. ಡಿಸ್ಕು ಎಂಟು ಕಡೆ ಹಾಳಾಗಿದೆ ಎಂದು ಪೆಟ್ಟಿಗೆಯೇ ಕಂಪ್ಯೂಟರಿಗೆ ತಿಳಿಸಿತು. ವಾರಕ್ಕೆ ನಲವತ್ತಾಯಿತು, ತಿಂಗಳಿಗೆ ಮುನ್ನೂರು ದಾಟಿತು. ಆದರೂ ಓದುತ್ತಿತ್ತು, ಬರೆಯುತ್ತಿತ್ತು. ಚನ್ನೇಶನನ್ನು ಕೇಳಿದರೆ, ಇವತ್ತೇ ಬದಲಾಯಿಸಿ ಮೇಡಂ, ಎರಡನ್ನೂ ಒಂದೇ ದಿನ ಕೊಟ್ಟಿದ್ದೀನಿ, ಒಂದೇ ಕಂತಿನ ಮಾಲು, ಒಂದು ಹೊರಟರೆ ಇನ್ನೊಂದರ ಆಯಸ್ಸನ್ನೂ ನಂಬೋಕಾಗಲ್ಲ ಎಂದ. ಪೆಟ್ಟಿಗೆ ಅಂಗಡಿಗೆ ತಂದರೆ ಒಂದು ದಿನದಲ್ಲಿ ಮಾಡಿಕೊಡುತ್ತೇನೆ ಎಂದ. ಅವಳು ತರಲಿಲ್ಲ. ಆ ದನಿಗಳಲ್ಲಿ ಆರೇಳು ಮುದುಕರು ಚನ್ನೇಶನ ತಾತ ಚನ್ನಬಸವಯ್ಯನವರ ಕೊಬ್ಬರಿ ಮಂಡಿಯ ಮಾತಾಡಿದ್ದರು. ಮೂಟೆ ಹೊತ್ತು ಬಂದವರ ಬೊಗಸೆಗೆ ಅಲ್ಲಿ ನೀರನ್ನು ಎಷ್ಟು ಎತ್ತರದಿಂದ ಸುರಿಯುತ್ತಿದ್ದರೆಂದು ಕೈಯೆತ್ತಿ ತೋರಿಸಿ ಹೇಳಿದ್ದರು. ಚನ್ನೇಶ್ ಅವಳು ಹೋದಾಗಲೆಲ್ಲ ಎದ್ದು ತನ್ನ ಕುರ್ಚಿಯನ್ನೇ ಕೊಡುವವನು. ಅವನು ಅದನ್ನು ಕೇಳಿಸಿಕೊಂಡುಬಿಟ್ಟರೆ ಎಂಬುದು ಅವನ ಮೇಲಿನ ಅಪನಂಬಿಕೆಯೋ, ಅವನ ಪರವಾಗಿ ತನಗಾಗುವ ನಾಚಿಕೆಯೋ ಎಂದು ಅವಳಿಗೇ ತಿಳಿಯಲಿಲ್ಲ.

ರವಿಕುಮಾರ್ ಇನ್ನೊಂದು ದಾರಿ ಹೇಳಿದ. ಎಲ್ಲವನ್ನೂ ಒಮ್ಮೆ ಬೇರೆ ಡಿಸ್ಕಿಗೆ ಇಳಿಸಿಕೋ, ಆಮೇಲೆ ನಿಧಾನವಾಗಿ ಯೋಚಿಸು ಎಂದು ಅಂಗೈಯಗಲದ್ದೊಂದನ್ನು ತಂದುಕೊಟ್ಟ. ಅವಳು ಕೂತಳು ಕೂಡ. ಪಟ್ಟಿ ತೆರೆದು ಒಂದೊಂದೇ ಹೆಸರು ದಾಟುತ್ತ ದ್ಯಾವಮ್ಮನ ಹೆಸರಿಗೆ ಬಂದಳು. ಅಳಿಸಿದ್ದೇನೆ ಎಂದು ಹೇಳಿದ್ದರ ಎರಡು ಪ್ರತಿ ಆಗಲೇ ಇವೆ. ಈಗ ತಾನೇ ಕೈಯಾರೆ ಮೂರನೆಯದು ಮಾಡಬೇಕು. ಇದನ್ನು ಬಿಟ್ಟು ಉಳಿದದ್ದನ್ನು ಇಳಿಸಿದರೆ? ಹಾಗೆ ಬಿಡುವುದೆಂದರೆ ಅದು ಸಾಯಲಿ ಎಂದು ಬಿಟ್ಟು ನಡೆಯುವುದು. ಅಳಿಸುವ ಧೈರ್ಯವೂ ಇಲ್ಲ, ಉಳಿಸಿಕೊಳ್ಳುವ ಧೈರ್ಯವೂ ಇಲ್ಲ. ಮೊದಲು ಇದೊಂದನ್ನು ತೀರ್ಮಾನಿಸಿ ಆಮೇಲೆ ಎಲ್ಲವನ್ನೂ ಮಾಡೋಣ ಎಂದು ಮುಚ್ಚಿಟ್ಟಳು. ಮೌಲ್ಯಮಾಪನ ಬಂತು, ದಾಖಲಾತಿ ಬಂತು, ಹಬ್ಬಗಳು ಬಂದವು. ಆಯ್ತಾ ಎಂದು ರವಿಕುಮಾರ್ ಒಂದು ದಿನ ಕೇಳಿದ. ಹೂಂ, ಆಯ್ತು ಎಂದಳು. ಅಷ್ಟು ಸಣ್ಣ ಸುಳ್ಳಿಗೆ ಅವನು ತಲೆಯನ್ನೂ ಎತ್ತಲಿಲ್ಲ.

ಕಾರ್ತಿಕದಲ್ಲಿ ಆ ಡಿಸ್ಕು ಪೂರ್ತಿ ನಿಂತಿತು. ಈಗ ಹೆದರಿಕೆಯಾಗಿ ಚನ್ನೇಶನನ್ನು ಮನೆಗೇ ಕರೆಸಿದಳು. ಅವನು ಹೊಸದನ್ನು ತಂದಿದ್ದ. ಹಾಕುವ ಮುಂಚೆ ತಿರುಗಿ, "ಇನ್ನೊಂದು ಕಾಪಿ ಇದೆ ಅಲ್ವಾ ಮೇಡಂ? ಇಲ್ಲಾಂದ್ರೆ ಮೊದ್ಲು ಅದನ್ನ ಮಾಡ್ಬಿಡೋಣ," ಎಂದ. ರವಿಕುಮಾರ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇದೆ ಎಂದು ಅವನೇ ಉತ್ತರ ಕೊಟ್ಟ. ಮಾಲಿನಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕಾಫಿ ಲೋಟ ತೆಗೆದುಕೊಂಡು ಚನ್ನೇಶನ ಮುಂದಿಟ್ಟಳು. ಹಳೆಯದರಿಂದ ಹೊಸದಕ್ಕೆ ಇಳಿಯತೊಡಗಿತು. ನೂರಕ್ಕೆ ಹತ್ತು, ಇಪ್ಪತ್ತು. ಗಂಡಸರಿಬ್ಬರೂ ಕೊಬ್ಬರಿ ಧಾರಣೆಯ ಮಾತಾಡಿದರು. ನಲವತ್ತೊಂದಕ್ಕೆ ಬಂದು ಪೆಟ್ಟಿಗೆಯೊಳಗೆ ಉಗುರಿನಿಂದ ತಗಡು ಕೆರೆದಂಥ ಸದ್ದಾಯಿತು. ಚನ್ನೇಶ್ ಅರ್ಧ ಕುಡಿದ ಲೋಟ ಕೆಳಗಿಟ್ಟ. ಉಳಿದಿದ್ದ ಒಂದೂ ನಿಂತಿತ್ತು. ಆಮೇಲೆ ಅವನು ವಿವರಿಸಿದ: ದಿನಾ ನಾವು ಮುಟ್ಟುವುದು ಅಲ್ಲೊಂದು ಇಲ್ಲೊಂದು ಜಾಗ, ಹೊಸದಕ್ಕೆ ಕೊಡುವಾಗ ಮಾತ್ರ ಅದು ತನ್ನ ಮೂಲೆ ಮೂಲೆಯನ್ನೂ ಓದಬೇಕು, ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲೇ ಹುಳುಕು ಇರೋದು. ಹೇಳಿ, ಸಮಾಧಾನದ ದನಿಯಲ್ಲಿ, ನಿಮ್ಮತ್ರ ಕಾಪಿ ಇದೆಯಲ್ಲ ಎಂದ. ಆಗ ಅವಳು ಇಲ್ಲ ಎಂದಳು. ರವಿಕುಮಾರ್ ಅವಳನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಆ ಅರ್ಧ ಲೋಟವನ್ನೆತ್ತಿಕೊಂಡು ಒಳಗೆ ಹೋದ. ತೊಳೆಯುವ ಸದ್ದು ತುಂಬ ಹೊತ್ತು ಕೇಳಿಸುತ್ತಿತ್ತು.

ಚನ್ನೇಶ್ ಅಂಗಡಿಗೆ ಬಾಗಿಲು ಹಾಕಿ, ಎರಡೂ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದ. ಇಂಥದ್ದನ್ನು ಬಿಚ್ಚಿ ಸಿಕ್ಕಷ್ಟನ್ನು ತೆಗೆಯುವವರಿದ್ದಾರಂತೆ. ಐದು ವಾರಕ್ಕೆ ಪಟ್ಟಿ ಬಂತು: ಇನ್ನೂರ ಹದಿನಾಲ್ಕರಲ್ಲಿ ಅರವತ್ತೊಂದು. ಅವಳ ಬೆರಳು ಮೊದಲು ಹುಡುಕಿದ್ದು ದ್ಯಾವಮ್ಮನ ಹೆಸರನ್ನು. ಇರಲಿಲ್ಲ. ಕಂಡೂ ಕಾಣದಂಥ ಒಂದು ಹಗುರ ಎದೆಯಲ್ಲಿ ಸುಳಿದುಹೋಯಿತು. ಕೊಟ್ಟ ಮಾತು ನಡೆದಂತಾಯಿತಲ್ಲ ಎಂಬಂತೆ. ಆಮೇಲೆ ಉಳಿದ ಹೆಸರುಗಳ ಕಡೆ ಕಣ್ಣು ಹೋಯಿತು. ಹಗರೆಯ ಹುಚ್ಚಣ್ಣ, ಮೂರು ದಿನ ಸತತವಾಗಿ ಹಾಡಿದವನು, ಇಲ್ಲ. ಅವಳ ಸ್ವಂತ ಸೋದರತ್ತೆ ಮುನಿಯಮ್ಮ ಇಲ್ಲ. ಅಳಿಸು ಎಂದು ಕೇಳದೇ ಇದ್ದವರು ಅವರು. ನಮ್ಮದು ಇರಲಿ, ನಿಮ್ಮ ಮಕ್ಕಳು ಕೇಳಲಿ ಎಂದವರು. ಒಬ್ಬಳ ಬಗ್ಗೆ ತೀರ್ಮಾನ ಮಾಡಲಾರದೆ ನೂರೈವತ್ತು ಜನರನ್ನು ಅವಳು ಹಳದಿ ದೀಪದ ಕೆಳಗೆ ಕಾಯಿಸಿಟ್ಟಿದ್ದಳು.

ಬೇಲೂರಿನಲ್ಲಿ ಬಸ್ಸು ಬದಲಿಸಿ ಬಿಕ್ಕೋಡಿನಲ್ಲಿ ಇಳಿದಾಗ ಹನ್ನೊಂದೂವರೆ. ಸಿರಿ ರಸ್ತೆಯವರೆಗೂ ಬಂದು ನಿಂತಿದ್ದಳು. ತೆಳ್ಳಗಿನ ಹುಡುಗಿ, ದ್ಯಾವಮ್ಮನದೇ ಅಗಲ ಹಣೆ. ಅವಳ ಕಣ್ಣು ಮಾಲಿನಿಯ ಚೀಲದ ಮೇಲೇ ಇತ್ತು. ಮನೆಯಲ್ಲಿ ಕುರ್ಚಿ ಹಾಕಿ, ಫ್ಯಾನು ಹಾಕಿ, ಅವ್ವ ಹುಲ್ಲು ತರಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಕೇಳಿಬಿಡೋಣ ಎಂದಳು. ಮೂಲೆಯ ತೊಟ್ಟಿಲಿನಲ್ಲಿ ಕೂಸು ಮಲಗಿತ್ತು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ದ್ಯಾವಮ್ಮನ ಫೋಟೊ ಇತ್ತು, ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಮುಖಕ್ಕಿಂತ ಹೆಚ್ಚಾಗಿ ಚುಕ್ಕಿಗಳೇ ಕಾಣುತ್ತಿದ್ದವು. ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಇಲ್ಲ ಸಿರಿ. ಹಾಳಾಗೋಯ್ತು," ಎಂದಳು ಮಾಲಿನಿ. ಆಮೇಲೆ ನಿಲ್ಲಿಸಲಾಗದೆ ಎಲ್ಲವನ್ನೂ ಹೇಳಿದಳು. ಅಳಿಸು ಎಂದು ಅಜ್ಜಿ ಬಂದದ್ದು, ಅಳಿಸಿದೆನೆಂದು ತಾನು ಹೇಳಿದ್ದು, ಇಟ್ಟುಕೊಂಡದ್ದು, ಉಳಿಸಿಕೊಳ್ಳಬಹುದಾಗಿದ್ದ ಐದಾರು ತಿಂಗಳು ಸುಮ್ಮನಿದ್ದದ್ದು. ಬೇವಿನ ಮರದ ಮಾತನ್ನು ಮಾತ್ರ ಹೇಳಲಿಲ್ಲ.

ಸಿರಿ ತೊಟ್ಟಿಲಿನ ಹಗ್ಗ ಹಿಡಿದು ಕೇಳಿಸಿಕೊಂಡಳು. ಅಳಿಸಿಲ್ಲ ಅನ್ನೋದು ಗೊತ್ತಿತ್ತು ಎಂದಳು. ಎಂ.ಎ. ಓದುವ ಗೆಳತಿಯೊಬ್ಬಳು ಆ ಸಂಕಿರಣದ ಪುಸ್ತಕ ಕೊಟ್ಟಿದ್ದಳಂತೆ, ನಿಮ್ಮೂರಿನದೇ ಇದೆ ನೋಡು ಎಂದು. ಕೆಂಪು ಉಲ್ಲನ್ ಟೋಪಿ ಎಂದು ಓದಿದಾಗ ಕೈ ನಿಂತಿತು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಅಂಥದೊಂದು ಟೋಪಿಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಮುಟ್ಟಿದರೆ ಅಜ್ಜಿ ಹೊಡೆಯುತ್ತಿದ್ದಳು. ಓದಿದ ಮೇಲೆ ಅಜ್ಜಿಯನ್ನು ಕೇಳಲಿಲ್ಲ. ಅವ್ವನಿಗೆ ಹೇಳಲಿಲ್ಲ. ಪುಸ್ತಕವನ್ನು ಹಾಸನದ ರೂಮಿನಲ್ಲೇ ಬಿಟ್ಟು ಬಂದಳು.

"ಸಿಟ್ಟು ಬಂದಿತ್ತು ಮೇಡಂ ನಿಮ್ಮ ಮೇಲೆ," ಎಂದಳು. "ಅಜ್ಜಿ ಹೋದ್ಮೇಲೆ, ಸುಳ್ಳು ಹೇಳಿದ್ದೇ ಒಳ್ಳೇದಾಯ್ತು, ದನಿನಾದ್ರೂ ಉಳ್ಕೊಂಡಿರುತ್ತಲ್ಲ ಅನ್ಸ್ತು. ಅದಕ್ಕೇ ಫೋನ್ ಮಾಡಿದ್ದು."

ಸಿರಿ ಮುಂದುವರಿಸಿದಳು. ಪುಸ್ತಕದಲ್ಲಿ ಒಂದು ಕಡೆ, 'ಮಗು ನಿದ್ರಿಸುತ್ತಿರುವುದನ್ನು ಕಂಡು ಸಮಾಧಾನಗೊಂಡು ಕೆಲಸಕ್ಕೆ ಮರಳಿದೆ' ಎಂದಿದೆ. ಅಜ್ಜಿ ಯಾವತ್ತೂ ಸಮಾಧಾನಗೊಂಡು ಅನ್ನುವವಳಲ್ಲ. ಬೇರೆ ಏನೋ ಅಂದಿರುತ್ತಾಳೆ. ಈ ಕೂಸು ಹಗಲೆಲ್ಲ ಮಲಗಿಬಿಟ್ಟರೆ ತನಗೂ ಅಂಥದೇ ಏನೋ ಆಗುತ್ತದಲ್ಲ, ಅದಕ್ಕೆ ಅಜ್ಜಿ ಏನು ಹೆಸರಿಟ್ಟಳು ಎಂದು ಕೇಳಬೇಕಿತ್ತು, ಅಷ್ಟೇ. "ಏನಂದ್ಲು ಅಜ್ಜಿ? ನೀವು ಕೇಳಿದ್ದೀರಲ್ಲ. ಅವಳು ಹೇಳ್ದಂಗೇ ಹೇಳಿ."

ಮಾಲಿನಿಗೆ ಆ ಮಧ್ಯಾಹ್ನ ಪೂರ್ತಿ ನೆನಪಿತ್ತು. ಚಾಪೆಯ ಹರಿದ ಅಂಚು ನೆನಪಿತ್ತು, ಹೊರಗೆ ಕೋಳಿಯೊಂದು ಕೆದಕುತ್ತಿದ್ದದ್ದು, ಮುದುಕಿ ಎರಡು ಬೆರಳನ್ನು ಚಮಚದಂತೆ ಬಗ್ಗಿಸಿ ತೋರಿಸಿದ್ದು. ಖುಷಿಯಾಯ್ತು ಎಂದಳೆ? "ಖುಷಿ ಅಂತ ಅಜ್ಜಿ ಅನ್ತಿರ್ಲಿಲ್ಲ," ಎಂದಳು ಸಿರಿ. ಹಿಗ್ಗಾಯ್ತು? ಜೀವ ತಣ್ಣಗಾಯ್ತು? ಹಾಯೆನಿಸ್ತು? ಒಂದೊಂದನ್ನೂ ಮಾಲಿನಿ ದನಿಗೆ ಹೊಂದಿಸಿ ನೋಡಿದಳು. ತನ್ನ ತಾಯಿಯೂ ಆಡುತ್ತಿದ್ದ, ತಾನು ಓದುತ್ತ ಓದುತ್ತ ನಾಲಿಗೆಯಿಂದ ಉಜ್ಜಿ ಹಾಕಿಕೊಂಡಿದ್ದ ಆ ಮಾತು ಹತ್ತಿರ ಬಂದಂತಾಗಿ ಜಾರುತ್ತಿತ್ತು. ಆ ವಾಕ್ಯವನ್ನು ಅಚ್ಚಿಗೆ ಕಳಿಸುವ ಮುಂಚೆ ಎಂಟೊಂಬತ್ತು ಸಲ ತಿದ್ದಿದ್ದಳು. ಈಗ ಕಿವಿಯೊಳಗೆ ಉಳಿದಿದ್ದದ್ದು ತಿದ್ದಿದ ವಾಕ್ಯ ಒಂದೇ. ಗೊತ್ತಿಲ್ಲ ಎಂದಳು. ಜ್ಞಾಪಕ ಇಲ್ಲ ಸಿರಿ ಎಂದಳು. ಸಿರಿ ಅವಳನ್ನು ದಿಟ್ಟಿಸಿ ನೋಡಿ, ಆಯ್ತು ಬಿಡಿ ಎನ್ನುವಂತೆ ತೊಟ್ಟಿಲಿನ ಕಡೆ ತಿರುಗಿದಳು.

ಹಿತ್ತಲಿನಲ್ಲಿ ಹುಲ್ಲಿನ ಹೊರೆ ದೊಪ್ಪನೆ ಬಿತ್ತು. ಮಹದೇವಮ್ಮ ಕೈಕಾಲು ತೊಳೆದುಕೊಂಡು ಒಳಗೆ ಬಂದು, ಅತಿಥಿಯನ್ನು ಕಂಡು ಸೆರಗು ಸರಿಮಾಡಿಕೊಂಡಳು. ಏನು ಮಾತಾಡ್ತಿದ್ದೀರಿ, ಕೂಸು ಏಳಲ್ಲವಾ ಎಂದಳು. ಈ ಹೆಂಗಸಿಗೂ ಹೇಳಬೇಕೆ? ಹೇಳುವುದು ನಿಜವೆ, ಇನ್ನೊಂದು ದ್ರೋಹವೆ? ಅವಳು ತೀರ್ಮಾನಿಸುವುದಕ್ಕೆ ಮುಂಚೆ ಸಿರಿ ಮಾತಾಡಿದಳು.

"ಅಜ್ಜಿ ಮಾತಾಡಿದ್ದು ಇಲ್ವಂತೆ ಕಣವ್ವ. ಅಜ್ಜಿ ಹೇಳಿದ್ಲಲ್ಲ, ಆಗ್ಲೇ ಅಳಿಸ್ಬಿಟ್ರಂತೆ."

ಮಹದೇವಮ್ಮ ತಾಯಿಯ ಫೋಟೊದ ಕಡೆ ನೋಡಿದಳು. ಅರಸೀಕೆರೆಗೆ ಹೋಗಿ ಬಂದ ದಿನ ಅವ್ವ ಹೇಳಿದ್ದಳು, ಏನೋ ಬ್ಯಾಡದ ಮಾತಾಡಿದ್ದೆ, ಅಳಿಸೋಕೆ ಹೇಳಿ ಬಂದೆ ಎಂದು; ಏನೆಂದು ತಾನೂ ಕೇಳಲಿಲ್ಲ ಎಂದಳು. ಆಮೇಲೆ ಮಾಲಿನಿಯ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಒದ್ದೆಯಾದ, ಹುಲ್ಲಿನಿಂದ ಗೀರಿದ ಕೈಗಳು.

"ನಮ್ಮಂತೋರ್ ಮಾತ್ನ ಯಾರ್ ನಡ್ಸ್ತಾರೆ ಮೇಡಮ್ನೋರೆ," ಎಂದಳು. "ನೀವ್ ನಡ್ಸುದ್ರಿ. ಅವ್ವ ಸಾಯೋಗಂಟ ನಿಮ್ ಹೆಸ್ರು ಹೇಳ್ತಿದ್ಲು. ಉಂಡ್ಕೊಂಡೇ ಹೋಗ್ಬೇಕು ಇವತ್ತು."

ಸಿರಿ ಕೂಸನ್ನೆತ್ತಿಕೊಂಡು ಬೆನ್ನು ತಿರುಗಿಸಿ ನಿಂತಿದ್ದಳು. ಮಹದೇವಮ್ಮ ಒಲೆಯ ಮುಂದೆ ಕೂತು ಮುದ್ದೆ ತೊಳಸಿದಳು, ಹುರುಳಿ ಸಾರು ಬಿಸಿಗಿಟ್ಟಳು, ತಾಯಿಯ ಬಗ್ಗೆ ಏನೇನೋ ಹೇಳುತ್ತಿದ್ದಳು. ತಟ್ಟೆ ಬಂತು. ಮಾಲಿನಿ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡಳು. ನುಂಗಲಾಗುತ್ತದೋ ಇಲ್ಲವೋ ಎಂದು ಹೆದರಿಕೆಯಿತ್ತು. ಸರಾಗವಾಗಿ ಇಳಿಯಿತು. ಇನ್ನೊಂದು ಹಾಕಲಾ ಎಂದು ಮಹದೇವಮ್ಮ ಕೇಳಿದಳು. ಬೇಡವೆನ್ನಲು ಬಾಯಿ ಬರದೆ ಮಾಲಿನಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.